ಲೆನ್ನಾರ್ಟನ ಭುಜ, ದತ್ತಾತ್ರೇಯನ ಮಂಡಿ

ಬಟ್ಟೆ ಒಗೆಯುವ ಯಂತ್ರದ ಬಾಗಿಲು ತೆಗೆದು ದತ್ತಾತ್ರೇಯ ಒಂದೊಂದೇ ಬಟ್ಟೆಯನ್ನು ಒದರಿ ಬುಟ್ಟಿಗೆ ಹಾಕುತ್ತಿದ್ದ. ಎರಡು ಪಂಚೆ, ಹೆಂಡತಿ ರಮಾಳ ನೈಟಿ, ನಾಲ್ಕು ಟವೆಲು, ಆಮೇಲೆ ತನ್ನ ಖಾಕಿ ಪ್ಯಾಂಟು. ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗ ನೆಂದ ಹಪ್ಪಳದಂಥದ್ದೇನೋ ಬೆರಳಿಗೆ ಸಿಕ್ಕಿತು.

ಹೊರಗೆಳೆದು ನೋಡಿದರೆ ಪತ್ರ. ಅಂದರೆ, ನಿನ್ನೆಯವರೆಗೆ ಪತ್ರವಾಗಿದ್ದದ್ದು. ಲಕೋಟೆ, ಒಳಗಿನ ಹಾಳೆ, ಮೇಲಿನ ಸ್ಟಾಂಪು ಮೂರೂ ಸೇರಿ ಒಂದೇ ಮುದ್ದೆಯಾಗಿದ್ದವು. ವಿಳಾಸದಲ್ಲಿ 'ಲೆನ್ನಾ' ಎಂಬಷ್ಟು ಮಾತ್ರ ಉಳಿದಿತ್ತು.

ಆರು ವಾರದಿಂದ ಆ ಪತ್ರ ಅಂಚೆಪೆಟ್ಟಿಗೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಹೋಗಿಬಂದಿತ್ತು. ಎರಡು ವಾರ ಫ್ರಿಜ್ಜಿನ ಮೇಲೆ, ಎರಡು ವಾರ ಆಫೀಸಿನ ಚೀಲದಲ್ಲಿ, ಎರಡು ವಾರ ಈ ಪ್ಯಾಂಟಿನ ಜೇಬಿನಲ್ಲಿ. ಇವತ್ತು ೨೦೦೬ರ ಮಾರ್ಚ್ ಮೂವತ್ತೊಂದು, ಶುಕ್ರವಾರ. ಮಾರ್ಚ್ ಮುಗಿಯುವುದರೊಳಗೆ ಅಂಚೆಗೆ ಬಿದ್ದ ಪತ್ರವಷ್ಟೇ ಲೆಕ್ಕಕ್ಕೆ ಎಂದು ಅವನ ಬೇಸ್‌ಬಾಲ್ ಕ್ಲಬ್ಬಿನ ನಿಯಮ. ಅದಕ್ಕೆಂದೇ ದತ್ತಾತ್ರೇಯ ಆಫೀಸಿಗೆ ಒಂದು ದಿನ ರಜೆ ಹಾಕಿದ್ದ.

ಅಷ್ಟರಲ್ಲಿ ನೆಲಮಾಳಿಗೆಯ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಈ ಕಟ್ಟಡದಲ್ಲಿ ಅಷ್ಟು ಭಾರವಾಗಿ ಹೆಜ್ಜೆ ಇಡುವವನು ಒಬ್ಬನೇ. ದತ್ತಾತ್ರೇಯ ಮುದ್ದೆಯನ್ನು ಸರಕ್ಕನೆ ರಮಾಳ ನೈಟಿಯೊಳಗೆ ಸುತ್ತಿದ.

"ದತ್ತ! ಹದಿನೇಳು!" ಎನ್ನುತ್ತ ಲೆನ್ನಾರ್ಟ್ ಒಳಗೆ ಬಂದ. ಬಸ್ ಚಾಲಕನ ಸಮವಸ್ತ್ರ, ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದರಲ್ಲಿ ಮರದ ಅಳತೆಪಟ್ಟಿ.

"ಏನು ಹದಿನೇಳು?"

"ಹದಿನೇಳು ಸೆಂಟಿಮೀಟರ್. ಬೆಳಿಗ್ಗೆ ಮೈದಾನಕ್ಕೆ ಹೋಗಿ ಹಿಮ ಅಳೆದು ಬಂದೆ. ಹೋದ ವಾರ ಇಪ್ಪತ್ತಾರಿತ್ತು. ಇನ್ನು ಮೂರು ವಾರ, ದತ್ತ. ಮೂರೇ ವಾರ!"

 ದತ್ತಾತ್ರೇಯ ಹಲ್ಲು ಕಿರಿದು, "ಮೂರೇ ವಾರ," ಎಂದ.

ಇವರಿಬ್ಬರ ಸ್ನೇಹ ಹುಟ್ಟಿದ್ದು ಇದೇ ಕೋಣೆಯಲ್ಲಿ. ಭದ್ರಾವತಿಯ ದತ್ತಾತ್ರೇಯ ಟ್ರಾನ್ಸ್‌ಫಾರ್ಮರ್ ಕೆಲಸಕ್ಕೆಂದು ಸ್ವೀಡನ್ನಿನ ವೆಸ್ಟೆರಾಸಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಬಟ್ಟೆ ಆಗುವವರೆಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಪೇಪರು ಓದುತ್ತಿದ್ದ. ಮೇಲಿನ ಮನೆಯ ಲೆನ್ನಾರ್ಟ್ ಬಂದವನು ಅಲ್ಲೇ ನಿಂತುಬಿಟ್ಟ. ಗಡಿಯಾರ ನೋಡಿದ. ಅರ್ಧ ಗಂಟೆಯಾದರೂ ಈ ಮನುಷ್ಯ ಏಳಲಿಲ್ಲ. ಲೆನ್ನಾರ್ಟ್ ಹೋಗಿ ಹೆಂಡತಿ ಬಿರ್ಗಿತ್ತಾಳನ್ನು ಕರೆದುಕೊಂಡು ಬಂದು, "ನೋಡು, ಹಿಮ್ಮಡಿ ನೆಲಕ್ಕೆ ತಾಗಿದೆ!" ಎಂದು ತೋರಿಸಿದ.

ಲೆನ್ನಾರ್ಟ್ ಊರಿನ 'ಮೆಲಾರೆನ್ ಮೂಸ್' ಬೇಸ್‌ಬಾಲ್ ಕ್ಲಬ್ಬಿನ ಪಿಚರ್. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಅವನು ಎಸೆದ ಚೆಂಡನ್ನು ಬ್ಯಾಟುಗಾರನ ಬೆನ್ನ ಹಿಂದೆ ಎರಡು ಮೂರು ಗಂಟೆ ಕುಕ್ಕರಗಾಲಿನಲ್ಲಿ ಕೂತು ಹಿಡಿಯುವವನು ಕ್ಯಾಚರ್. ಇಡೀ ಸ್ವೀಡನ್ನಿನಲ್ಲಿ ಹಾಗೆ ಕೂರಬಲ್ಲವರು ಸಿಗುವುದು ಕಷ್ಟ, ಸಿಕ್ಕಿದವರೂ ಮಧ್ಯಾಹ್ನಕ್ಕೆ ಮುಖ ಕಿವುಚುತ್ತಾರೆ. ಭದ್ರಾವತಿಯ ಕ್ವಾರ್ಟರ್ಸಿನ ಪಾಯಿಖಾನೆಯಲ್ಲಿ ಕಲಿತ ವಿದ್ಯೆ ಹೀಗೆ ಪರದೇಶದಲ್ಲಿ ಕೈಹಿಡಿಯಿತು. ಆ ಊರಿನಲ್ಲಿ ಬೇಸ್‌ಬಾಲಿಗೆ ಇದ್ದ ಪ್ರೇಕ್ಷಕರು ಆಟಗಾರರ ಹೆಂಡಂದಿರು, ಎರಡು ನಾಯಿ, ಮತ್ತು ಬೇರೇನೋ ಆಟವೆಂದುಕೊಂಡು ಬಂದು ಎದ್ದುಹೋಗಲು ಸಂಕೋಚಪಟ್ಟ ಒಬ್ಬ ಮುದುಕ. ಆದರೂ ಆಡಿದ ಮೂರು ಬೇಸಿಗೆ ದತ್ತಾತ್ರೇಯ ತನ್ನನ್ನು ಊರಿನವನೇ ಎಂದುಕೊಂಡದ್ದು ಅಲ್ಲಿಯೇ.

"ರಾತ್ರಿ ಗ್ಲೌಸಿಗೆ ಎಣ್ಣೆ ಹಚ್ಚಿದೆ. ಮೂರು ಗಂಟೆಗೆ ಮನೆಗೆ ಬಾ, ಬಿರ್ಗಿತ್ತಾ ದಾಲ್ಚಿನ್ನಿ ಬನ್ನು ಮಾಡ್ತಾಳೆ. ಈ ವರ್ಷದ ಪ್ಲಾನು ಮಾತಾಡೋಣ," ಎಂದು ಹೇಳಿ ಲೆನ್ನಾರ್ಟ್ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲು ಹತ್ತಿದ.

ಆ ನೈಟಿಯೊಳಗಿದ್ದ ಪತ್ರದಲ್ಲಿ ಬರೆದದ್ದು ಇಷ್ಟೇ: ಈ ವರ್ಷದಿಂದ ಕ್ಲಬ್ಬಿಗೆ ಲೆನ್ನಾರ್ಟನ ಸೇವೆ ಬೇಕಿಲ್ಲ, ಇಪ್ಪತ್ತು ವರ್ಷಕ್ಕೆ ಧನ್ಯವಾದ.

ತಪ್ಪು ದತ್ತಾತ್ರೇಯನದೇ. ಜನವರಿ ಬಂತೆಂದರೆ ಅವನಿಗೆ ಅಮೆರಿಕದ ಬೇಸ್‌ಬಾಲ್ ಸುದ್ದಿಯ ಹುಚ್ಚು. ಸೀಸನ್ನು ಶುರುವಾಗುವ ಮೊದಲು ಯಾವ ಕ್ಲಬ್ಬು ಯಾವ ವಯಸ್ಸಾದವನಿಗೆ ಎಷ್ಟು ವರ್ಷದ ಕಾಂಟ್ರಾಕ್ಟು ಕೊಟ್ಟು ಆಮೇಲೆ ಪರಿತಪಿಸಿತು ಎಂದು ಇಂಟರ್ನೆಟ್ಟಿನಲ್ಲಿ ಓದಿ ಓದಿ, ಅವನಿಗೂ ಒಂದು ಸಿದ್ಧಾಂತ ಹುಟ್ಟಿತ್ತು. ಮೂಸ್ ಕ್ಲಬ್ಬಿನ ಕಾಂಟ್ರಾಕ್ಟಿನಲ್ಲಿ ಕಾಸಿನ ಮಾತಿಲ್ಲ. ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲ ಎಂಬ ಕೊಟ್ಟ ಮಾತು, ಅಷ್ಟೇ. ಆದರೂ ದತ್ತಾತ್ರೇಯ ಕಮಿಟಿ ಸಭೆಗೆ ಗ್ರಾಫು ಬರೆದುಕೊಂಡು ಹೋದ. ಟ್ರಾನ್ಸ್‌ಫಾರ್ಮರಿನೊಳಗಿನ ಕಾಗದ ವರ್ಷ ಕಳೆದಂತೆ ಹೇಗೆ ಒಣಗಿ ಪುಡಿಯಾಗುತ್ತದೋ ಪಿಚರಿನ ಭುಜವೂ ಹಾಗೇ ಎಂದು ಗೆರೆ ಎಳೆದು ತೋರಿಸಿದ. ನಲವತ್ತು ದಾಟಿದವರಿಗೆ ದೀರ್ಘ ಕಾಂಟ್ರಾಕ್ಟು ಕೊಡಬಾರದು, ಪಿಚರ್ ಆದರೆ ಬಿಟ್ಟುಕೊಡುವುದೇ ಲೇಸು ಎಂದ. ಕಮಿಟಿಯವರು ತಲೆದೂಗಿ ಒಮ್ಮತದಿಂದ ನಿಯಮ ಮಾಡಿದರು. ನಿಯಮವಾದ ಮೇಲೆ ಅಧ್ಯಕ್ಷೆ ಕೇಳಿದರು, "ಹಾಗಾದರೆ ಲೆನ್ನಾರ್ಟಿಗೆ ಪತ್ರ ಯಾವಾಗ ಬರೀತೀಯ?"

ಕ್ಲಬ್ಬಿನಲ್ಲಿ ನಲವತ್ತು ದಾಟಿದವನು ಲೆನ್ನಾರ್ಟ್ ಒಬ್ಬನೇ. ಅವನಿಗೆ ನಲವತ್ತಾರು. ಗ್ರಾಫಿನಲ್ಲಿ ಅವನೊಂದು ಚುಕ್ಕಿಯಾಗಿದ್ದ. ಚುಕ್ಕಿಗೆ ಮುಖ ಇರುವುದಿಲ್ಲ ನೋಡಿ. ಪತ್ರ ಬರೆಯುವ ಕೆಲಸ ಕಾರ್ಯದರ್ಶಿಯದು, ಕಾರ್ಯದರ್ಶಿ ದತ್ತಾತ್ರೇಯ. ಅವನು ಕಾರ್ಯದರ್ಶಿಯಾದದ್ದೂ ಹಾಗೇ: ಚುನಾವಣೆಯ ಹೊತ್ತಿಗೆ ಭದ್ರಾವತಿಯಿಂದ ಫೋನು ಬಂತೆಂದು ಹೊರಗೆ ಹೋಗಿದ್ದ. ಆ ದೇಶದ ಸಂಘಗಳಲ್ಲಿ ಕೋಣೆಯೊಳಗೆ ಇಲ್ಲದವನನ್ನೇ ಆರಿಸುವುದು ಪದ್ಧತಿ.

ಬುಟ್ಟಿ ಹೊತ್ತು ಮನೆಗೆ ಬಂದಾಗ ರಮಾ ಕೆಲಸಕ್ಕೆ ಹೊರಟಿದ್ದಳು. ಮಕ್ಕಳ ದಾಗಿಸಿನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಅವಳಿಗೆ ಕೆಲಸ. ದಿನವಿಡೀ ಇಪ್ಪತ್ತು ಮಕ್ಕಳಿಗೆ ಬೂಟು ತೊಡಿಸಿ ಬಿಚ್ಚಿ ಅವಳಿಗೆ ದೊಡ್ಡವರ ನೆಪಗಳನ್ನು ಕೇಳುವ ತಾಳ್ಮೆ ಉಳಿದಿರಲಿಲ್ಲ.

"ರೀ, ಇವತ್ತು ಮೂವತ್ತೊಂದು. ಪತ್ರ ಹಾಕಿದ್ರಾ?"

"ಒಗೆದೆ."

"ನಾನ್ ಕೇಳಿದ್ದು ಪತ್ರ."

"ನಾನು ಹೇಳ್ತಿರೋದೂ ಪತ್ರಾನೇ."

ರಮಾ ಮುದ್ದೆಯನ್ನು ನೋಡಿದಳು. ತನ್ನ ನೈಟಿಗೆ ಅಂಟಿದ ಚೂರುಗಳನ್ನೂ ನೋಡಿದಳು. "ನೋಡಿ, ಡಾಕ್ಟ್ರು ನಿಮ್ಗೆ ಏನ್ ಹೇಳಿದ್ರು? ಇನ್ನು ಕುಕ್ಕರಗಾಲಲ್ಲಿ ಕೂತ್ರೆ ಮಂಡಿ ಉಳಿಯಲ್ಲ ಅಂದ್ರೋ ಇಲ್ವೋ? ಲೆನ್ನಾರ್ಟ್ ಆಡೋವರ್ಗೆ ನಾನೂ ಆಡ್ಲೇಬೇಕು ಅಂತ ಕೂತಿದೀರ. ಅವ್ರು ಬಿಟ್ರೆ ನೀವೂ ಬಿಡಬಹುದು. ಈ ಪತ್ರ ಹಾಕಿದ್ರೆ ನಿಮಗೇ ಒಳ್ಳೇದು."

"ಅದಕ್ಕೇ ಹಾಕೋಕಾಗ್ತಿಲ್ಲ ಕಣೇ. ನನ್ನ ಮಂಡಿ ಉಳಿಸ್ಕೊಳೋಕೆ ಅವನ ಆಟ ಕಿತ್ಕೊಂಡ ಹಾಗೆ ಆಗಲ್ವಾ?"

"ಹಾಗಾದ್ರೆ ಪತ್ರ ಬಿಟ್ಟು ಬಾಯಲ್ಲೇ ಹೇಳಿ."

"ಬಾಯಲ್ಲಾ!" ದತ್ತಾತ್ರೇಯ ಬೆಚ್ಚಿಬಿದ್ದ.

ರಮಾ ಸಾಮಾನಿನ ಚೀಟಿಯೊಂದನ್ನು ಅವನ ಕೈಗಿಟ್ಟು, "ಈರುಳ್ಳಿ, ಮೊಸರು, ಹಸಿಮೆಣಸಿನಕಾಯಿ. ಇದನ್ನಾದ್ರೂ ಒಗೀಬೇಡಿ," ಎಂದು ಹೊರಟಳು.

ಮತ್ತೆ ಪತ್ರ ಮುದ್ರಿಸಲು ಕೂತರೆ ಪ್ರಿಂಟರಿನಲ್ಲಿ ಶಾಯಿ ಮುಗಿದಿತ್ತು. ಉಳಿದ ದಾರಿ ಪಕ್ಕದ ಬಾಗಿಲಿನ ಯೋಗೀಶ. ಮೈಸೂರಿನ ಹುಡುಗ, ಒಂದು ಪ್ರಾಜೆಕ್ಟು ಮುಗಿದು ಇನ್ನೊಂದು ಶುರುವಾಗುವವರೆಗೆ ಮನೆಯಲ್ಲಿದ್ದ. ಅಂಥ ಹೊತ್ತಿನಲ್ಲಿ ಅವನ ಬಳಿ ಸಹಾಯ ಕೇಳುವುದು ಹಸಿದ ಹಸುವಿನ ಮುಂದೆ ಸೊಪ್ಪಿನ ಕಟ್ಟು ಹಿಡಿದು ನಿಂತ ಹಾಗೆ. ಮಗನನ್ನು ನೋಡಲೆಂದು ಬಂದಿದ್ದ ಅವನ ತಾಯಿ ಶಾರದಮ್ಮ ಸೋಫಾದ ಮೇಲೆ ಎರಡು ಸ್ವೆಟರು ಹಾಕಿಕೊಂಡು ಹುರುಳಿಕಾಯಿ ಸೋಸುತ್ತಿದ್ದರು.

ಯೋಗೀಶ ಪತ್ರವನ್ನು ಪರದೆಯ ಮೇಲೆ ಜೋರಾಗಿ ಓದಿ, "ದತ್ತಣ್ಣ, ಕರೆಕ್ಟ್ ಡಿಸಿಷನ್," ಎಂದ. "ಲಾಂಗ್ ಕಾಂಟ್ರಾಕ್ಟ್ ಅನ್ನೋದೇ ಡೇಂಜರ್. ಸೈನ್ ಮಾಡಿದ ದಿನ ಹೀರೋ, ಮೂರನೇ ವರ್ಷಕ್ಕೆ ಲಯಬಿಲಿಟಿ. ಏನ್ ಅವ್ರು ನಿಮ್ಗೆ ಭಾವಮೈದ್ನಾನಾ?"

"ಭಾವಮೈದ ಆಗಿದ್ರೆ ಯಾವತ್ತೋ ಕಳಿಸ್ತಿದ್ದೆ," ಎಂದ ದತ್ತಾತ್ರೇಯ.

ಶಾರದಮ್ಮ ಹುರುಳಿಕಾಯಿಯ ನಾರು ಎಳೆಯುತ್ತ ಕೇಳಿದರು, "ಯಾರನ್ನಪ್ಪಾ ಬಿಡಿಸ್ತಿರೋದು? ಮೇಲ್ಗಡೆ ಮನೆಯ ಆ ದೊಡ್ಡ ಮೈಯವನನ್ನಾ? ನಾನು ಬಂದ ದಿನ ಪೆಟ್ಟಿಗೆ ಎರಡನ್ನೂ ಮೇಲಕ್ಕೆ ಹೊತ್ಕೊಟ್ಟೋನು?"

"ಅಮ್ಮ, ನಿಂಗೊತ್ತಾಗಲ್ಲ. ಲಾಂಗ್ ಕಾಂಟ್ರಾಕ್ಟ್ ಕೊಟ್ರೆ ಆಟಗಾರ ಸೋಮಾರಿ ಆಗ್ತಾನೆ."

"ನನಗೆ ಗೊತ್ತಾಗಲ್ವೇನೋ? ನಿಮ್ಮಪ್ಪನ ಜೊತೆ ನಲವತ್ತೆರಡು ವರ್ಷದ ಕಾಂಟ್ರಾಕ್ಟು. ಮೊದಲ ಐದು ವರ್ಷ ಅವರು ಆಡಿದ ಆಟಕ್ಕೆ ನಾನು ಎರಡನೇ ವರ್ಷವೇ ಪತ್ರ ಕೊಡಬೇಕಿತ್ತು. ಆರನೇ ವರ್ಷದಿಂದ ನೋಡು, ಬಂಗಾರದಂಥ ಮನುಷ್ಯ ಆದ್ರು." ಅವರು ದತ್ತಾತ್ರೇಯನ ಕಡೆ ತಿರುಗಿದರು. "ಹೇಳೋಕೆ ಆಗ್ದಿದ್ರೆ ಆ ಮಾತೇ ಸರಿ ಇಲ್ಲ ಅಂತ ಅರ್ಥ. ಇನ್ನೈದು ವರ್ಷ ಆಡ್ಲಿ ಬಿಡಪ್ಪಾ, ನಿನ್ನ ಗಂಟೇನು ಹೋಗುತ್ತೆ?"

ಹೋಗುವುದು ಗಂಟಲ್ಲ, ಮಂಡಿ ಎಂದು ದತ್ತಾತ್ರೇಯ ಮನಸ್ಸಿನಲ್ಲೇ ಅಂದುಕೊಂಡ. ಯೋಗೀಶ ಮಾತ್ರ ಎರಡು ಹಾಳೆ ಮುದ್ರಿಸಿ ಕೊಟ್ಟ: ಒಂದು ಬಿಡುಗಡೆಯ ಪತ್ರ, ಇನ್ನೊಂದು ಖಾಲಿ ಕಾಂಟ್ರಾಕ್ಟು. "ಎರಡೂ ಇರ್ಲಿ ದತ್ತಣ್ಣ. ಬ್ಯಾಕಪ್ಪು."

ದತ್ತಾತ್ರೇಯ ಪತ್ರವನ್ನು ಲಕೋಟೆಗೆ ಹಾಕಿ, ವಿಳಾಸ ಬರೆದು, ಸ್ಟಾಂಪು ಅಂಟಿಸಿ ಹೊರಬಿದ್ದ. ಎರಡನೇ ಮಹಡಿಯವನು ಮೂರನೇ ಮಹಡಿಯವನಿಗೆ ಕಳಿಸುವ ಈ ಕಾಗದ ಊರೆಲ್ಲ ಸುತ್ತಿಯೇ ಬರಬೇಕೆಂದೂ ನಿಯಮವಿತ್ತು. ಮನೆಯೆದುರೇ ಹಳದಿ ಅಂಚೆಪೆಟ್ಟಿಗೆ ಇದೆ. ಆದರೆ ಅದರ ಪಕ್ಕದ ಬೆಂಚಿನಲ್ಲಿ ಬಿರ್ಗಿತ್ತಾ ಬಿಸಿಲಿಗೆ ಮುಖ ಒಡ್ಡಿ ಕೂತಿದ್ದಳು. ಗಂಡನ ಪತ್ರವನ್ನು ಹೆಂಡತಿಯ ಕಣ್ಣೆದುರು ಹಾಕುವಷ್ಟು ಕಲ್ಲೆದೆ ಅವನಿಗಿರಲಿಲ್ಲ. ಪೇಟೆಯಲ್ಲಿ ಹಾಕಿದರಾಯಿತೆಂದು ಎದುರಿಗೆ ಬಂದ ಬಸ್ಸು ಹತ್ತಿದ.

"ದತ್ತ!" ಎಂದಿತು ಬಸ್ಸಿನ ಮುಂಭಾಗ.

ಊರಿನಲ್ಲಿ ನೂರಾರು ಬಸ್ಸು. ಹತ್ತಿದ್ದು ಲೆನ್ನಾರ್ಟನದನ್ನು. ಇಳಿಯೋಣವೆಂದರೆ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು.

"ಎಲ್ಲಿಗೆ ಹೊರಟೆ?"

"ಒಂದು... ಪತ್ರ ಹಾಕೋಕೆ."

"ಕ್ಲಬ್ಬಿಂದಾ?"

"ಕ್ಲಬ್ಬಿಂದೇ."

ಲೆನ್ನಾರ್ಟ್ ಮೈಕು ತೆಗೆದುಕೊಂಡ. ಆ ದೇಶದ ಬಸ್ಸಿನಲ್ಲಿ ಪಕ್ಕದವರ ಜೊತೆ ಮಾತಾಡಿದರೂ ಜ್ವರ ಬಂದಿದೆಯೇನೋ ಎಂದು ನೋಡುತ್ತಾರೆ. ಅಂಥದ್ದರಲ್ಲಿ ಅವನು, "ಪ್ರಯಾಣಿಕರೇ, ಈಗ ಹತ್ತಿದವರು ಮೂಸ್ ಕ್ಲಬ್ಬಿನ ಕಾರ್ಯದರ್ಶಿ, ನನ್ನ ಕ್ಯಾಚರ್. ಇವರ ಹಿಮ್ಮಡಿ ನೆಲಕ್ಕೆ ತಾಗುತ್ತದೆ. ಸೀಸನ್ನಿಗೆ ಇನ್ನು ಮೂರು ವಾರ," ಎಂದು ಸಾರಿದ. ಹದಿನಾಲ್ಕು ಜನ ದತ್ತಾತ್ರೇಯನ ಹಿಮ್ಮಡಿ ನೋಡಿದರು. ಅವನು ಪತ್ರವನ್ನು ಸೀಟಿನ ಮೇಲಿಟ್ಟು ಅದರ ಮೇಲೆ ಕೂತ.

ಪಕ್ಕದಲ್ಲಿದ್ದ ಊರುಗೋಲಿನ ಅಜ್ಜಿ ಕಳವಳಗೊಂಡರು. "ಪತ್ರ ಮಡಚಿಹೋಗುತ್ತಲ್ಲಪ್ಪಾ. ಅಗೋ, ಅಲ್ಲೇ ಪೆಟ್ಟಿಗೆ ಇದೆ. ಚಾಲಕರೇ, ಸ್ವಲ್ಪ ನಿಲ್ಲಿಸ್ತೀರಾ? ಈತ ಪತ್ರ ಹಾಕಬೇಕಂತೆ."

ಒಂದು ನಿಮಿಷ ತಡವಾದರೂ ಕ್ಷಮೆ ಕೇಳುವ ಬಸ್ಸು ನಿಂತೇಬಿಟ್ಟಿತು. "ಹೋಗು ದತ್ತ, ಕಾಯ್ತೀವಿ. ಕ್ಲಬ್ಬಿನ ಕೆಲಸ!" ಎಂದು ಲೆನ್ನಾರ್ಟ್ ಬಾಗಿಲು ತೆಗೆದ.

ದತ್ತಾತ್ರೇಯ ಪತ್ರ ಹಿಡಿದು ಪೆಟ್ಟಿಗೆಯ ಮುಂದೆ ನಿಂತ. ಹಿಂದೆ ಇಡೀ ಬಸ್ಸು ಕಿಟಕಿಗೆ ಅಂಟಿಕೊಂಡು ನೋಡುತ್ತಿತ್ತು. ಯಾರ ಆಟ ಕಿತ್ತುಕೊಳ್ಳಲು ಹೊರಟಿದ್ದಾನೋ ಅವನೇ ಬ್ರೇಕು ಹಿಡಿದು ಕಾಯುತ್ತಿದ್ದ. ಹಾಕಲು ಕೈ ಬರಲಿಲ್ಲ, ಹಾಕದೆ ಹಿಂದಿರುಗಲು ಕಾಲು ಬರಲಿಲ್ಲ. ಕೊನೆಗೆ ಬಸ್ಸಿಗೆ ಬೆನ್ನು ಮಾಡಿ ಪತ್ರವನ್ನು ಕೋಟಿನೊಳಗೆ ತಳ್ಳಿ, ಇನ್ನೊಂದು ಜೇಬಿಗೆ ಕೈಹಾಕಿ, ಸಿಕ್ಕಿದ ಕಾಗದವನ್ನು ಪೆಟ್ಟಿಗೆಯೊಳಗೆ ತುರುಕಿ, ನಗುತ್ತ ಬಸ್ಸಿಗೆ ಬಂದ. ಅಜ್ಜಿ ಚಪ್ಪಾಳೆ ತಟ್ಟಿದರು.

ಈರುಳ್ಳಿ, ಮೊಸರು, ಹಸಿಮೆಣಸಿನಕಾಯಿ ಅಂಚೆಗೆ ಹೋದವು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಲೆನ್ನಾರ್ಟ್ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕೊಟ್ಟ. ಹೊರಗೆ ಕರಗುವ ಹಿಮ ಸೂರಿನಿಂದ ತೊಟ್ಟಿಕ್ಕುತ್ತಿತ್ತು.

"ನಿಂಗೊಂದು ಹೇಳ್ಬೇಕು, ದತ್ತ. ನೀನು ಬರೋ ಮೊದಲು ನಾನು ಎಸೆದ ಚೆಂಡನ್ನ ಬೇಲಿ ಹತ್ರ ಹೋಗಿ ನಾನೇ ತಗೊಂಡು ಬರ್ತಿದ್ದೆ. ಈಗ ಪ್ರತಿ ವರ್ಷ ಮಾರ್ಚ್ ಬಂದ್ರೆ ನಿನ್ನ ಮುಖ ನೋಡ್ತೀನಿ. ಅದಕ್ಕೋಸ್ಕರ..." ಅವನು ಸ್ಟಿಯರಿಂಗನ್ನು ಬಟ್ಟೆಯಲ್ಲಿ ಒರೆಸತೊಡಗಿದ.

ದತ್ತಾತ್ರೇಯನ ಕಣ್ಣು ತುಂಬಿ ಬಂತು. ಆ ಗಳಿಗೆಯಲ್ಲೇ ನಿರ್ಧಾರವಾಗಿಹೋಯಿತು. ಗ್ರಾಫು ಹಾಳಾಗಲಿ, ಮಂಡಿ ಹಾಳಾಗಲಿ.

ಮೂರು ಗಂಟೆಗೆ ಅವನು ಮೇಲಿನ ಮನೆಗೆ ಹೋದಾಗ ಹಿಂದೆಯೇ ಯೋಗೀಶನೂ ಬಂದ. ಬನ್ನಿನ ವಾಸನೆಗೆ ಅವನಿಗೆ ಆಮಂತ್ರಣ ಬೇಕಿರಲಿಲ್ಲ. ಬಿರ್ಗಿತ್ತಾ ಕಾಫಿ ಸುರಿದಳು. ಹಿಮದ ಮಾತು ಮುಗಿಯುವಷ್ಟರಲ್ಲಿ ನಾಲ್ಕು ದಾಟಿತು. ದತ್ತಾತ್ರೇಯ ಖಾಲಿ ಕಾಂಟ್ರಾಕ್ಟನ್ನು ಮೇಜಿನ ಮೇಲಿಟ್ಟು, ವರ್ಷದ ಜಾಗದಲ್ಲಿ ದೊಡ್ಡದಾಗಿ ೫ ಎಂದು ಬರೆದ.

"ಲೆನ್ನಾರ್ಟ್, ಐದು ವರ್ಷ! ಕಮಿಟಿಯನ್ನ ನಾನು ಒಪ್ಪಿಸ್ತೀನಿ."

ಲೆನ್ನಾರ್ಟನ ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು. ಅವನು ಕಾಗದವನ್ನು ಮೂರು ಸಲ ಓದಿದ. ಕಿಟಕಿಯ ಹೊರಗೆ ನೋಡಿದ. ಹೆಂಡತಿಯನ್ನು ನೋಡಿದ. "ಐದಾ?" ಎಂದ.

"ಖುಷಿಗೆ ಮಾತೇ ಬರ್ತಿಲ್ಲ ಅವ್ರಿಗೆ," ಎಂದ ಯೋಗೀಶ ಕನ್ನಡದಲ್ಲಿ.

ಲೆನ್ನಾರ್ಟ್ ಕಾಗದ ಕೆಳಗಿಟ್ಟು ಹೇಳಿದ, "ಒಂದು ಷರತ್ತು. ನೀನೂ ಐದು ವರ್ಷಕ್ಕೆ ಸಹಿ ಹಾಕ್ಬೇಕು. ನಿನ್ನ ಬಿಟ್ಟು ಬೇರೆಯವರಿಗೆ ನಾನು ಎಸೆಯಲ್ಲ." ಹೇಳಿ, ದತ್ತಾತ್ರೇಯ ಬೇಡವೆನ್ನಲಿ ಎಂಬಂತೆ ಅವನ ಮುಖವನ್ನೇ ನೋಡಿದ. ದತ್ತಾತ್ರೇಯನ ಎರಡು ಮಂಡಿಗಳೂ ಮೇಜಿನ ಕೆಳಗೆ ಒಟ್ಟಿಗೆ ಚುಳುಕ್ಕೆಂದವು. ಆದರೆ ಇಷ್ಟು ಪ್ರೀತಿಯಿಂದ ಕೇಳುವವನಿಗೆ ಇಲ್ಲವೆನ್ನುವುದು ಹೇಗೆ? "ಅದಕ್ಕೇನಂತೆ!" ಎಂದು ಇನ್ನೊಂದು ಸಾಲಿನಲ್ಲಿ ತನ್ನ ಹೆಸರೂ ಬರೆದು ಸಹಿ ಹಾಕಿದ. ಲೆನ್ನಾರ್ಟ್ ನಿಟ್ಟುಸಿರು ಬಿಟ್ಟು ಕೆಳಗೆ ತಾನೂ ಸಹಿ ಹಾಕಿದ.

ಅಡಿಗೆಮನೆಯಲ್ಲಿ ಬನ್ನಿನ ತಟ್ಟೆ ಢಣ್ ಎಂದು ಕೆಳಗೆ ಬಿತ್ತು.

"ದತ್ತ, ಸ್ವಲ್ಪ ಇಲ್ಲಿ ಬಾ," ಎಂದಳು ಬಿರ್ಗಿತ್ತಾ. ಹೋದರೆ ಬಾಗಿಲು ಮುಚ್ಚಿದಳು. ಎಂದೂ ದನಿ ಎತ್ತದ ಹೆಂಗಸು. ಈಗಲೂ ಎತ್ತಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

"ಏನ್ ಮಾಡ್ದೆ ನೀನು? ಎರಡು ವರ್ಷದಿಂದ ಅವನು ಆಟ ಬಿಡೋಕೆ ಒದ್ದಾಡ್ತಿದಾನೆ. ರಾತ್ರಿ ಭುಜ ನೋವಿಗೆ ನಿದ್ದೆ ಇಲ್ಲ. ಹೋದ ಬೇಸಿಗೇಲಿ ಒಂದು ಸಣ್ಣ ದೋಣಿ ತಗೊಂಡ್ವಿ, ಇನ್ನೂ ನೀರಿಗಿಳಿಸಿಲ್ಲ."

"ಮತ್ತೆ... ಬೆಳಿಗ್ಗೆ ಎದ್ದು ಹಿಮ ಅಳೀತಾನಲ್ಲ?"

"ಇನ್ನು ಎಷ್ಟು ದಿನ ನೆಮ್ಮದಿ ಉಳಿದಿದೆ ಅಂತ ನೋಡೋಕೆ! ಹದಿನೇಳೇ ಇದೆ ಅಂತ ಬೆಳಿಗ್ಗೆ ತಿಂಡಿ ಸೇರಲಿಲ್ಲ ಅವನಿಗೆ."

"ಹಾಗಾದ್ರೆ ಯಾಕೆ ಹೇಳ್ಲಿಲ್ಲ?"

"ನಿನಗೋಸ್ಕರ. ದತ್ತನಿಗೆ ಇಲ್ಲಿ ಬೇರೆ ಯಾರೂ ಇಲ್ಲ, ಈ ಆಟ ಒಂದೇ ಅವನ ಜೀವ, ನಾನು ಬಿಟ್ರೆ ಅವನು ಕುಗ್ಗಿಹೋಗ್ತಾನೆ ಅಂತ. ಕ್ಲಬ್ಬಿನವರೇ ಬೇಡ ಅಂತ ಒಂದು ಪತ್ರ ಕಳಿಸಿದ್ರೆ ಯಾರ ಮನಸ್ಸೂ ನೋಯಲ್ಲ ಅಂತಾನೆ. ಪ್ರತಿ ದಿನ ಕೆಲಸದಿಂದ ಬಂದು ಮೊದಲು ಟಪಾಲು ನೋಡ್ತಾನೆ. ನಿಮ್ಮವರು ಯಾರೂ ಒಂದು ಪತ್ರ ಬರೆಯೋದಿಲ್ವಾ?"

ದತ್ತಾತ್ರೇಯ ಕೋಟಿನೊಳಗೆ ಕೈ ಹಾಕಿದ. ಪತ್ರ ಅಲ್ಲೇ ಇತ್ತು, ಬಸ್ಸಿನಲ್ಲಿ ಮೇಲೆ ಕೂತದ್ದಕ್ಕೆ ಮಡಚಿಹೋಗಿ. ಅವಳಿಗೆ ತೋರಿಸಿದ. ಬಿರ್ಗಿತ್ತಾ ಲಕೋಟೆಯನ್ನು ನೋಡಿ, ಅವನನ್ನು ನೋಡಿ, ಗೋಡೆಯ ಗಡಿಯಾರ ತೋರಿಸಿದಳು. ನಾಲ್ಕು ಇಪ್ಪತ್ತೈದು. ಐದಕ್ಕೆ ಪೆಟ್ಟಿಗೆ ಖಾಲಿ ಮಾಡುವ ವ್ಯಾನು ಬರುತ್ತದೆ.

"ಕಾಂಟ್ರಾಕ್ಟ್ ಹರಿದುಹಾಕ್ತೀನಿ. ಪತ್ರ ಹಾಕ್ತೀನಿ. ಎಲ್ಲ ಸರಿಹೋಗುತ್ತೆ," ಎಂದು ಅವನು ಹೊರಕ್ಕೆ ಓಡಿಬಂದ. ಮೇಜಿನ ಮೇಲೆ ಕಾಂಟ್ರಾಕ್ಟು ಇರಲಿಲ್ಲ. ಯೋಗೀಶನೂ ಇರಲಿಲ್ಲ. ಲೆನ್ನಾರ್ಟ್ ಕಸದ ಚೀಲ ಕಟ್ಟುತ್ತ, "ನಿನ್ನ ಸ್ನೇಹಿತ ತುಂಬ ಸಹಾಯಮಾಡುವವನು," ಎಂದ ಮೆಲ್ಲಗೆ.

ಕೆಳಗೆ ಯೋಗೀಶ ಬಾಗಿಲಲ್ಲೇ ಎದುರಾದ. "ಸ್ಕ್ಯಾನ್ ಮಾಡಿ ಇಡೀ ಕಮಿಟಿಗೆ ಮೇಲ್ ಹಾಕಿದೆ ದತ್ತಣ್ಣ! ಇವತ್ತೇ ಲಾಸ್ಟ್ ಡೇಟ್ ಅಲ್ವಾ? ಆಗಲೇ ಏಳು ರಿಪ್ಲೈ. ನೋಡಿ, ನೋಡಿ."

ಏಳರಲ್ಲಿ ಆರು ಅಭಿನಂದನೆ. ಏಳನೆಯದು ಅಧ್ಯಕ್ಷೆಯದು: 'ಪ್ರಿಯ ದತ್ತ, ಲೆನ್ನಾರ್ಟನ ಐದು ವರ್ಷ ನೀನೇ ಮಾಡಿದ ನಿಯಮಕ್ಕೆ ವಿರುದ್ಧ. ಅವನಿಗೆ ಬಿಡುಗಡೆಯ ಪತ್ರ ಇವತ್ತು ಅಂಚೆಗೆ ಹೋಗಿದ್ದರೆ ಅವನ ಸಹಿ ಲೆಕ್ಕಕ್ಕಿಲ್ಲ. ಹೋಗಿಲ್ಲದಿದ್ದರೆ ನಾವು ಸಹಿಯನ್ನು ಗೌರವಿಸುತ್ತೇವೆ. ನಿನಗಿನ್ನೂ ಮೂವತ್ತೊಂಬತ್ತು, ಆದ್ದರಿಂದ ನಿನ್ನ ಐದು ವರ್ಷ ಹೇಗಿದ್ದರೂ ಊರ್ಜಿತ. ನಮಗೆಲ್ಲ ಕಣ್ಣೀರು ಬಂತು. ಕೇಕು ಹೇಳಿದ್ದೇವೆ. ಲೆನ್ನಾರ್ಟ್ ಬಿಟ್ಟರೆ ಅವನ ಜಾಗಕ್ಕೆ ಗೋಥೆನ್‌ಬರ್ಗಿನಿಂದ ಬರುವ ಹೊಸ ಪಿಚರ್ ನಿನ್ನ ವಿಷಯ ಕೇಳಿ ಹಿಗ್ಗಿದ್ದಾನೆ. ಅವನ ಹಳೆಯ ಕ್ಯಾಚರಿಗೆ ಎರಡು ಬೆರಳು ಮುರಿದಿತ್ತಂತೆ.'

ದತ್ತಾತ್ರೇಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಾಗಿಲಿನಿಂದ ಇಣುಕಿದ ಶಾರದಮ್ಮ ಕತೆಯೆಲ್ಲ ಕೇಳಿ, "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರೆ. ನೀವಿಬ್ಬರೂ ಒಟ್ಟಿಗೇ ಆದಿರಲ್ಲಪ್ಪಾ," ಎಂದು ನಿಟ್ಟುಸಿರಿಟ್ಟರು.

"ನೀವೇ ಅಲ್ವಾ ಶಾರದಮ್ಮ, ಐದು ವರ್ಷ ಆಡ್ಲಿ ಬಿಡು ಅಂದಿದ್ದು?"

"ಅವನು ಆಡ್ಲಿ ಅಂದೆ. ನೀನು ಆಡು ಅಂದ್ನಾ?"

ಯೋಗೀಶ ಪಿಸುಗುಟ್ಟಿದ, "ದತ್ತಣ್ಣ, ಲಾಜಿಕಲ್ ಆಗಿ ಯೋಚ್ನೆ ಮಾಡಿ. ಪತ್ರ ಹಾಕ್ಲೇಬೇಡಿ. ನೀವೊಬ್ರೇ ಯಾಕೆ ಸಿಕ್ಕಿಹಾಕ್ಕೋಬೇಕು? ಐದು ವರ್ಷ ಅವ್ರೂ ಜೊತೇಲಿರ್ಲಿ. ಅವ್ರ ಬಾಲ್ ಆದ್ರೂ ನಿಧಾನ. ಗೋಥೆನ್‌ಬರ್ಗ್‌ನವನದ್ದು ಬುಲೆಟ್ಟು."

ಆ ಮಾತು ಸುಳ್ಳಲ್ಲ. ಲೆನ್ನಾರ್ಟನ ಚೆಂಡು ಈಚೆಗೆ ಬರುವಾಗ ನಿಂತು ವಿಳಾಸ ಕೇಳಿಕೊಂಡು ಬರುವ ಹಾಗಿರುತ್ತಿತ್ತು. ಅದನ್ನು ಹಿಡಿಯಲು ಬೆರಳು ಮುರಿಯಬೇಕಿರಲಿಲ್ಲ. ಪತ್ರ ಜೇಬಿನಲ್ಲೇ ಉಳಿದರೆ ಸ್ನೇಹಿತ ಪಕ್ಕದಲ್ಲಿ, ಹದಿನೆಂಟು ಮೀಟರು ದೂರದಲ್ಲಿ, ಭುಜ ಹಿಡಿದುಕೊಂಡು ಐದು ಬೇಸಿಗೆ. ಪತ್ರ ಹೋದರೆ ಅವನು ದೋಣಿಯಲ್ಲಿ, ತಾನು ನೆಲದ ಮೇಲೆ, ಒಂಟಿಯಾಗಿ.

ಕೆಲಸ ಮುಗಿಸಿ ಬಂದ ರಮಾ ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದಳು. "ಈರುಳ್ಳಿ ಎಲ್ಲಿ?"

"ಅಂಚೆಗೆ ಹಾಕಿದೆ."

ಮೂರು ಮಾತಿನಲ್ಲಿ ಅವಳಿಗೆ ಎಲ್ಲ ತಿಳಿಯಿತು. ಬೂಟು ತೊಡಿಸಿ ತೊಡಿಸಿ ಪಳಗಿದವಳು, ಬಾಗಿ ಗಂಡನ ಮಂಡಿಯನ್ನೊಮ್ಮೆ ಒತ್ತಿ ನೋಡಿ, "ಏಳಿ. ಐದಕ್ಕೆ ಹತ್ತು ನಿಮಿಷ ಇದೆ," ಎಂದಳಷ್ಟೇ.

ದತ್ತಾತ್ರೇಯ ಎದ್ದ. ಒಂದೊಂದು ಮೆಟ್ಟಿಲಿಗೂ ಮಂಡಿಗಳು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟಿದವು. ಹೊರಗೆ ಬಿಸಿಲು ಇಳಿಯುತ್ತಿತ್ತು, ದಾರಿಯ ತುಂಬ ಕರಗಿದ ಹಿಮದ ರಾಡಿ. ಪೆಟ್ಟಿಗೆಯ ಮುಂದೆ ನಿಂತು ಲಕೋಟೆಯನ್ನು ಅಂಗೈಯಲ್ಲಿ ಉಜ್ಜಿ ಸರಿಮಾಡಿದ.

"ಮತ್ತೊಂದು ಪತ್ರಾನಾ?"

ಕಸದ ಚೀಲ ಹಿಡಿದ ಲೆನ್ನಾರ್ಟ್ ಹಿಂದೆಯೇ ನಿಂತಿದ್ದ. ಅವನ ಕಣ್ಣು ಲಕೋಟೆಯ ಮೇಲೆ ಬಿತ್ತು. ತನ್ನ ಹೆಸರು ಓದಿದ. ಮೂಲೆಯಲ್ಲಿದ್ದ ಕ್ಲಬ್ಬಿನ ಮುದ್ರೆ ನೋಡಿದ. ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ. 

"ಸೋಮವಾರ ಬರುತ್ತಾ ಇದು?"

"ಸೋಮವಾರ ಬರುತ್ತೆ."

"ನಾನು ಈಗ ನೋಡಿಲ್ಲ."

"ಇಲ್ಲ, ನೀನು ನೋಡಿಲ್ಲ."

"ಬಂದಾಗ ನನಗೆ ತುಂಬ ಬೇಜಾರಾಗುತ್ತೆ, ದತ್ತ," ಎಂದ ಲೆನ್ನಾರ್ಟ್. ಹಾಗೆನ್ನುವಾಗ ಅವನ ಬಾಯಿ ಎರಡು ಕಿವಿಗಳ ಕಡೆಗೂ ಹೊರಟಿತ್ತು. ತಡೆಯಲು ನೋಡಿದ, ಆಗಲಿಲ್ಲ. "ನೀನು? ನೀನೂ ಬಿಡ್ತೀಯಾ?"

ದತ್ತಾತ್ರೇಯ ಬಾಯಿ ತೆರೆದ. ನಿಜ ಹೇಳಿದರೆ ಈ ಮನುಷ್ಯ ಈಗಿಂದೀಗಲೇ ಲಕೋಟೆ ಕಿತ್ತುಕೊಂಡು ಹರಿದುಹಾಕಿ, ನೋಯುವ ಭುಜ ಹೊತ್ತು ಮೈದಾನಕ್ಕೆ ಬರುತ್ತಾನೆ.

"ನಾನಾ? ಬಿಡೋದಾ? ಈ ಆಟ ನನ್ನ ಜೀವ ಕಣಯ್ಯಾ," ಎಂದ.

"ನನಗೆ ಗೊತ್ತಿತ್ತು," ಎಂದು ಲೆನ್ನಾರ್ಟ್ ತೃಪ್ತಿಯಿಂದ ತಲೆಯಾಡಿಸಿದ. ಆಮೇಲೆ ನೋವಿಲ್ಲದ ತೋಳಿನಿಂದ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿ ಹಿಡಿದ. ದೂರದ ತಿರುವಿನಲ್ಲಿ ಅಂಚೆಯ ಹಳದಿ ವ್ಯಾನು ಕಾಣಿಸಿತು.

"ಹಾಕು ದತ್ತ."

ದತ್ತಾತ್ರೇಯ ಕಣ್ಣು ಮುಚ್ಚಿ ಕೈ ಬಿಟ್ಟ. ಪತ್ರ ಒಳಗೆ ಬಿತ್ತು.